ಎರಡು ಪಾಲಿಸಿ, ಒಂದು ಬೆನ್ನು

ಫೆಬ್ರವರಿ 2

ಕಡ್ಡಿಯ ಅಪ್ಪನಿಗೆ,

ಫೋನಿನಲ್ಲಿ ನಾವಿಬ್ಬರೂ ಮಾತಾಡುವುದಿಲ್ಲ, ಕಿರುಚಾಡುತ್ತೇವೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನಿನ್ನೆ ನೀವು ಪಟ್ಟನೆ ಫೋನ್ ಇಟ್ಟ ಮೇಲೆ ನನ್ನ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸಿತ್ತು. ಮಗಳು ಕಡ್ಡಿ ಎದುರಿಗೇ ಕೂತು ಹೋಂವರ್ಕ್ ಮಾಡುತ್ತಿದ್ದಳು, ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಇನ್ನು ಮುಂದೆ ಈ ವಿಷಯ ಕಾಗದದಲ್ಲೇ ನಡೆಯಲಿ. ನಾನಂತೂ ಇದಕ್ಕೆ ಫೋನ್ ಮುಟ್ಟುವುದಿಲ್ಲ.

ನೀವು ಕೂಗಿದ್ದು ಇಷ್ಟು: "ಗಂಡನ ಕಂಪನಿಯಲ್ಲಿ ಇಡೀ ಸಂಸಾರಕ್ಕೆ ಪಾಲಿಸಿ ಇದೆ. ನಿನ್ನ ಲ್ಯಾಬಿಂದ ಇನ್ನೊಂದು ಯಾಕೆ ದಂಡಕ್ಕೆ? ಈ ತಿಂಗಳೇ ತೆಗೆಸಿ ಬಿಸಾಕು." ನಾನು ಹೇಳಲು ಹೊರಟಿದ್ದು ನಿಮ್ಮ ಕಿವಿಗೆ ಬೀಳಲೇ ಇಲ್ಲ. ಈಗ ಓದಿ.

ಗಂಡ ಹೆಂಡತಿ ಇಬ್ಬರೂ ಒಂದೊಂದು ಫ್ಯಾಮಿಲಿ ಪಾಲಿಸಿ ಇಟ್ಟುಕೊಳ್ಳಬಹುದು. ಅದು ಕಳ್ಳತನವಲ್ಲ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಆಸ್ಪತ್ರೆಯ ಬಿಲ್ಲು ಮೊದಲು ಒಂದು ಪಾಲಿಸಿಗೆ ಹೋಗುತ್ತದೆ, ಅದು ಕೊಡದೆ ಬಿಟ್ಟಿದ್ದನ್ನು ಎರಡನೆಯದು ನೋಡಿಕೊಳ್ಳುತ್ತದೆ. ಮಕ್ಕಳ ವಿಷಯದಲ್ಲಿ ಯಾವುದು ಮೊದಲು ಅನ್ನುವುದಕ್ಕೂ ಒಂದು ನಿಯಮ ಇದೆಯಂತೆ: ಅಪ್ಪ ಅಮ್ಮನಲ್ಲಿ ಯಾರ ಹುಟ್ಟಿದ ದಿನ ವರ್ಷದಲ್ಲಿ ಮೊದಲು ಬರುತ್ತದೋ ಅವರದು. ನೀವು ಮಾರ್ಚ್, ನಾನು ನವೆಂಬರ್. ಅಂತೂ ನೀವು ಮಾರ್ಚಿನಲ್ಲಿ ಹುಟ್ಟಿದ್ದಕ್ಕೂ ಒಂದು ಪ್ರಯೋಜನ ಸಿಕ್ಕಿತು.

ಕಡ್ಡಿಯ ಬೆನ್ನುಮೂಳೆ ಇನ್ನಷ್ಟು ಬಾಗಿದೆ. ಬೆಲ್ಟು ಹಾಕಿದರೂ ನಿಲ್ಲುತ್ತಿಲ್ಲ ಅಂತ ಡಾಕ್ಟರಮ್ಮ ಅವಳ ಎದುರಿಗೇ ಹೇಳಿಬಿಟ್ಟರು. ಜೂನ್ ಮುಗಿಯುವುದರೊಳಗೆ ಆಪರೇಷನ್ ಆಗಬೇಕು, ತಡವಾದರೆ ಮೂಳೆ ಶ್ವಾಸಕೋಶವನ್ನು ಒತ್ತಲು ಶುರು ಮಾಡುತ್ತದೆ. ಬೆನ್ನಿನೊಳಗೆ ಸರಳು ಕೂರಿಸಿ ತಿರುಪು ಹಾಕುವ ಕೆಲಸ ಅದು. ಒಂದೇ ಪಾಲಿಸಿ ಅದನ್ನು ಪೂರ್ತಿ ಹೊರುವುದಿಲ್ಲ. ಹೆಸರು ಸೇರಿಸುವುದು, ತೆಗೆಯುವುದು ನಿಮ್ಮಲ್ಲೂ ನಮ್ಮಲ್ಲೂ ಫೆಬ್ರವರಿಯಲ್ಲಿ ಮಾತ್ರ. ಇಪ್ಪತ್ತೆಂಟಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮುಂದಿನ ವರ್ಷ. ಆದ್ದರಿಂದ ಎರಡೂ ಇರಲಿ. ನಾನು ತೆಗೆಸುವುದಿಲ್ಲ.

ಕಡ್ಡಿಯ ಅಮ್ಮ


ಫೆಬ್ರವರಿ 9

ಕಡ್ಡಿಯ ಅಮ್ಮನಿಗೆ,

ನಿನ್ನ ಕಾಗದ ಸಾಮಾನಿನ ಲಾರಿಯ ಜೊತೆ ನಿನ್ನೆ ಗುಡ್ಡ ಹತ್ತಿ ಬಂತು. ಪಾಠ ಚೆನ್ನಾಗಿ ಒಪ್ಪಿಸಿದ್ದೀಯ. ಲ್ಯಾಬಿನಲ್ಲಿ ಹಲ್ಲು ಮಾಡುವುದು ಬಿಟ್ಟು ಇನ್ಶೂರೆನ್ಸ್ ಕಂಪನಿ ಸೇರು, ನಾಳೆಯೇ ಮ್ಯಾನೇಜರ್ ಮಾಡುತ್ತಾರೆ.

ಇಲ್ಲಿ ಒಂದೇ ಕಂಟೇನರಿನಲ್ಲಿ ಆರು ಜನ ಮಲಗುತ್ತೇವೆ. ಬೆಳಿಗ್ಗೆ ಎದ್ದು ಗಾಳಿಯಂತ್ರದ ನೆತ್ತಿ ಹತ್ತಿ, ಹಗ್ಗ ಕಟ್ಟಿಕೊಂಡು ರೆಕ್ಕೆಯ ಉದ್ದಕ್ಕೂ ಇಳಿಯುತ್ತೇನೆ, ಬಿರುಕು ಕಂಡಲ್ಲಿ ಉಜ್ಜಿ ಅಂಟು ಬಳಿಯುತ್ತೇನೆ. ಕೆಳಗೆ ನೋಡಿದರೆ ಲಾರಿ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತದೆ. ಇದೆಲ್ಲ ಯಾರಿಗೋಸ್ಕರ? ನನ್ನ ಹೆಂಡತಿ ಮಗಳಿಗೆ ನಾನು ಮಾಡಿಸಿದ ಪಾಲಿಸಿ ಇದೆ, ಅದು ಸಾಲದು ಅಂತ ನೀನು ಇನ್ನೊಂದು ಹಿಡಿದು ಕೂತಿದ್ದೀಯ. ನನ್ನ ಸಂಬಳದಲ್ಲೂ ಕತ್ತರಿ, ನಿನ್ನ ಸಂಬಳದಲ್ಲೂ ಕತ್ತರಿ. ಒಬ್ಬಳೇ ಮಗಳಿಗೆ ಯಾರಾದರೂ ಹೀಗೆ ಮಾಡುತ್ತಾರಾ? ಇಲ್ಲಿ ನಮ್ಮ ಗ್ಯಾಂಗಿನಲ್ಲಿ ಯಾರ ಹೆಂಡತಿಯೂ ಮಾಡಿಲ್ಲ.

ನೇರವಾಗಿ ಕೇಳುತ್ತೇನೆ. ನಾನು ಬಿದ್ದು ಹೋದರೆ ಅಂತ ಮುಂಜಾಗ್ರತೆಯಾ? ನಿಮ್ಮಣ್ಣ ತಲೆ ತುಂಬಿದ್ದಾನಾ? ಅಥವಾ ಬೇರೆ ಒಲೆ ಹೂಡುವ ಯೋಚನೆ ಇದೆಯಾ? ಇದ್ದರೆ ಹೇಳಿಬಿಡು. ನಿಯಮ, ಹುಟ್ಟಿದ ದಿನ ಅಂತ ಸುತ್ತಿ ಬಳಸಿ ಮಾತಾಡಬೇಡ. ಇಲ್ಲವಾದರೆ ತೆಗೆಸು, ತೆಗೆಸಿದ್ದೇನೆ ಅಂತ ಒಂದು ಸಾಲು ಬರೆ.

ಕಡ್ಡಿಯ ಅಪ್ಪ


ಫೆಬ್ರವರಿ 14

ಕಡ್ಡಿಯ ಅಪ್ಪನಿಗೆ,

ಒಂದು ಪುಟ ತುಂಬ ಬರೆದಿದ್ದೀರಿ. ಹಗ್ಗ ಇದೆ, ಲಾರಿ ಇದೆ, ನನ್ನ ಅಣ್ಣ ಇದ್ದಾನೆ, ಬೇರೆ ಒಲೆ ಇದೆ. ಕಡ್ಡಿಯ ಬೆನ್ನು ಎಲ್ಲೂ ಇಲ್ಲ. ಅವಳಿಗೆ ಆಪರೇಷನ್ ಅಂತ ಬರೆದೆ, ಅವಳು ಹೆದರಿದ್ದಾಳಾ ಅಂತ ಒಂದು ಮಾತು ಕೇಳಲಿಲ್ಲ ನೀವು.

ಹೆದರಿದ್ದಾಳೆ. ಸ್ನಾನಕ್ಕೆ ಬೆಲ್ಟು ಬಿಚ್ಚಿದಾಗ ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಕತ್ತು ತಿರುಗಿಸಿ ನೋಡಿಕೊಳ್ಳುತ್ತಾಳೆ. ನಾನು ಒಳಗೆ ಹೋದರೆ "ಸುಮ್ನೆ ನೋಡ್ತಿದ್ದೆ" ಅಂತ ಟವೆಲ್ ಸುತ್ತಿಕೊಳ್ಳುತ್ತಾಳೆ. ಆ ಹೆಸರು ನೀವೇ ಇಟ್ಟಿದ್ದು, ಕಡ್ಡಿಯ ಹಾಗೆ ನೆಟ್ಟಗಿದ್ದಾಳೆ ಅಂತ.

ಅಣ್ಣನಿಗೆ ಈ ವಿಷಯವೇ ಗೊತ್ತಿಲ್ಲ, ಪಾಪ ಅವನನ್ನು ಎಳೆಯಬೇಡಿ. ನೀವು ಬೀಳುತ್ತೀರಿ ಅಂತಲೂ ನಾನು ಅಂದುಕೊಂಡಿಲ್ಲ. ನನ್ನ ಪಾಲಿಸಿ ಇಟ್ಟುಕೊಳ್ಳಲು ನನಗೆ ಕಾರಣ ಇದೆ. ಏನು ಅಂತ ಕೇಳಬೇಡಿ, ಕೇಳಿದರೆ ನಿಮಗೇ ಕಷ್ಟ. ಗ್ಯಾಂಗಿನವರ ಹೆಂಡತಿಯರು ಏನು ಮಾಡುತ್ತಾರೆ ಅನ್ನುವುದು ನನಗೆ ಬೇಡ. ಅವರನ್ನೇ ಕಟ್ಟಿಕೊಳ್ಳಬೇಕಿತ್ತು.

ಉತ್ತರ ಬೇಗ ಬರೆಯಿರಿ. ಬಾಗಿಲು ಹಾಕುವ ದಿನ ಹತ್ತಿರ ಬರುತ್ತಿದೆ.

ಕಡ್ಡಿಯ ಅಮ್ಮ


ಫೆಬ್ರವರಿ 27

ಕಡ್ಡಿಯ ಅಮ್ಮನಿಗೆ,

ಗಾಳಿ ಜೋರಾಗಿ ಲಾರಿ ಇಷ್ಟು ದಿನ ಮೇಲೆ ಬರಲಿಲ್ಲ. ನಿನ್ನ ಕಾಗದ ನಿನ್ನೆ ಸಿಕ್ಕಿತು. "ಕೇಳಿದರೆ ನಿಮಗೇ ಕಷ್ಟ" ಅಂತ ಬರೆದಿದ್ದೀಯ. ಅದನ್ನು ಎಷ್ಟು ಸಲ ಓದಿದೆನೋ. ಅದಕ್ಕೆ ಅರ್ಥ ಒಂದೇ, ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ.

ಸರಿ. ನಿನ್ನ ಹಠವೇ ಗೆಲ್ಲಲಿ. ಇವತ್ತು ಬೆಳಿಗ್ಗೆ ಜೀಪಿನಲ್ಲಿ ಕೆಳಗಿನ ಆಫೀಸಿಗೆ ಹೋಗಿ, ನನ್ನ ಪಾಲಿಸಿಯಿಂದ ನಿನ್ನ ಹೆಸರೂ ಕಡ್ಡಿಯ ಹೆಸರೂ ತೆಗೆಸಿ ಬಂದೆ. ನನ್ನೊಬ್ಬನ ಹೆಸರು ಇರಲಿ, ಅದಕ್ಕೆ ಕಂಪನಿಯೇ ಕಟ್ಟುತ್ತದೆ. ನಿನ್ನ ಲ್ಯಾಬಿನ ಪಾಲಿಸಿ ಅಷ್ಟು ದೊಡ್ಡದಲ್ಲವಾ, ಅದೇ ನೋಡಿಕೊಳ್ಳಲಿ ನಿಮ್ಮನ್ನು. ಇನ್ನು ಈ ವಿಷಯ ನನ್ನ ಮುಂದೆ ಎತ್ತಬೇಡ.

ಕಡ್ಡಿಗೆ ಹೆದರಬೇಡ ಅಂತ ಹೇಳು. ಮೊದಲೇ ಬರೆಯಬೇಕಿತ್ತು, ಸಿಟ್ಟಿನಲ್ಲಿ ಬಿಟ್ಟುಹೋಯಿತು.

ಅಪ್ಪ


ಫೆಬ್ರವರಿ 27

ಕಡ್ಡಿಯ ಅಪ್ಪನಿಗೆ,

ದಿನಾ ಅಂಚೆಯವನ ದಾರಿ ಕಾದೆ. ನಿಮ್ಮ ಕಾಗದ ಬರಲಿಲ್ಲ. ಉತ್ತರ ಕೊಡದೆ ಸಾಯಿಸುವುದು ನಿಮ್ಮ ಹಳೆಯ ವಿದ್ಯೆ. ಫೋನ್ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಫೋನ್ ಮುಟ್ಟುವುದಿಲ್ಲ ಅಂತ ಬರೆದವಳು ನಾನೇ, ನಾನೇ ಹೇಗೆ ಮುರಿಯಲಿ ಅಂತ ಇಟ್ಟುಬಿಟ್ಟೆ.

ನಿನ್ನೆ ಊಟಕ್ಕೆ ಕೂತಾಗ ಕಡ್ಡಿ ತಟ್ಟೆ ನೋಡುತ್ತಾ, "ಅಮ್ಮಾ, ನನ್ನ ಬೆನ್ನಿಗೋಸ್ಕರ ನೀವಿಬ್ರೂ ಜಗಳ ಆಡೋದಾದ್ರೆ ನಂಗೆ ಆಪರೇಷನ್ನೇ ಬೇಡ" ಅಂದಳು.

ಹೋಗಲಿ, ನಿಮ್ಮ ಮಾತೇ ನಡೆಯಲಿ. ಇವತ್ತು ಲ್ಯಾಬಿನಲ್ಲಿ ಅವಳ ಹೆಸರು ತೆಗೆಸಿದೆ. ನನ್ನದು ಮಾತ್ರ ಉಳಿದಿದೆ. ನಮ್ಮ ಯಜಮಾನಿ ಎರಡು ಸಲ ಕೇಳಿದರು, "ಗಂಡನ ಕಡೆಯದು ಗ್ಯಾರಂಟಿ ಇದೆ ತಾನೇ?" ಅಂತ. ಗ್ಯಾರಂಟಿ ಅಂದೆ. ಅದನ್ನು ಹೇಳುವಾಗ ನನ್ನ ಕೈ ಹಲ್ಲಿನ ಅಚ್ಚಿನ ಮೇಣವನ್ನು ಹಿಸುಕಿ ಮುದ್ದೆ ಮಾಡಿತ್ತು. ಒಂದು ಪೂರ್ತಿ ಸೆಟ್ಟು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಈಗ ಸಂತೋಷವಾಯಿತಾ? ನಿಮ್ಮ ಗ್ಯಾಂಗಿಗೆಲ್ಲ ಸಿಹಿ ಹಂಚಿ.

ಕಡ್ಡಿಯ ಅಮ್ಮ


ಮಾರ್ಚ್ 5

ನಿನಗೆ,

ಇಷ್ಟು ವರ್ಷ ನೀವು ಅಂದಿದ್ದೇನೆ. ನಿನ್ನೆ ನನ್ನ ಮಾತು ನಾನೇ ಮುರಿದು ಫೋನ್ ಮಾಡಿದಾಗ ಬಾಯಿ ತಪ್ಪಿ ನೀನು ಅಂದೆ, ಇವತ್ತು ಬೇಕೆಂದೇ ಬರೆಯುತ್ತಿದ್ದೇನೆ. ಮರ್ಯಾದೆ ಕೊಡಲು ಇವತ್ತು ನನ್ನ ಹತ್ತಿರ ಏನೂ ಉಳಿದಿಲ್ಲ.

ನಿನ್ನ ಕಾಗದ ನಿನ್ನೆ ಬಂತು, ಬಾಗಿಲು ಹಾಕಿದ ಮೇಲೆ. ನಿನಗೆ ಪಾಲಿಸಿ ಇದೆ. ನನಗೂ ಇದೆ. ಆಪರೇಷನ್ ಆಗಬೇಕಾದ ಮಗುವಿಗೆ ಇಲ್ಲ. ಎರಡು ಪಾಲಿಸಿ ಇದ್ದ ಮನೆಯಲ್ಲಿ ಅವಳಿಗೆ ಒಂದೂ ಇಲ್ಲದ ಹಾಗೆ ಮಾಡಿದೆವು. ಇಂಥ ಘನಕಾರ್ಯ ಮಾಡಲು ಬೇರೆ ಯಾರಿಗೆ ಸಾಧ್ಯ? ಲೈನಿನಲ್ಲಿ ನೀನು ನನ್ನನ್ನು ಬೈದೆ, ನಾನು ನಿನ್ನನ್ನು ಬೈದೆ, ಅವಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ಕಾರಣ ಕೇಳಿದ್ದೆಯಲ್ಲ, ತಗೋ. ನಾಲ್ಕು ವರ್ಷದ ಹಿಂದೆ ನಿಮ್ಮ ಮೇಸ್ತ್ರಿ ಏನೋ ಅಂದ ಅಂತ ನೀನು ಹಗ್ಗ ಬಿಸಾಕಿ ಕೆಲಸ ಬಿಟ್ಟು ಹೋದೆ. ಒಂದು ತಿಂಗಳು ಗೆಳೆಯನ ರೂಮಿನಲ್ಲಿ ಕೂತಿದ್ದು, ಆಮೇಲೆ ಅವರೇ ಕರೆದರು ಅಂತ ವಾಪಸು ಹೋದೆ. ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ನಗುತ್ತಾ. ಅದೇ ತಿಂಗಳು ನಾನು ಕಡ್ಡಿಯನ್ನು ಎತ್ತಿಕೊಂಡು ಮೊದಲನೇ ಬೆಲ್ಟಿನ ಅಳತೆಗೆ ಹೋಗಿದ್ದೆ. ಕೌಂಟರಿನಲ್ಲಿ ನಿನ್ನ ಕಾರ್ಡು ತಿರುಗಿಸಿ ನೋಡಿ, "ಈ ಪಾಲಿಸಿ ನಿಂತುಹೋಗಿದೆಯಲ್ಲ ಮೇಡಂ" ಅಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನ ಮುಖ ನೋಡಿದರು. ಬೆಲ್ಟು ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳಲ್ಲಿ ಅವಳ ಬೆನ್ನು ಎಷ್ಟು ಬಾಗಿತೋ ನಾನು ಡಾಕ್ಟರನ್ನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ನಿನಗೆ ಹೇಳಿದರೆ ನೀನು ಹಗ್ಗದ ಮೇಲೆ ಇರುವಾಗ ಅದನ್ನೇ ಯೋಚಿಸುತ್ತೀಯ ಅಂತ ಬಾಯಿ ಕಟ್ಟಿಕೊಂಡೆ. ಆಮೇಲೆ ಲ್ಯಾಬಿನಲ್ಲಿ ಪಾಲಿಸಿ ಮಾಡಿಸಿದೆ. ನೀನು ಬೀಳುತ್ತೀಯ ಅಂತಲ್ಲ, ನಿನಗೆ ಸಿಟ್ಟು ಬರುತ್ತದೆ ಅಂತ.

ಅದೇ ಆಯಿತಲ್ಲ.


ಮಾರ್ಚ್ 11

ಕಡ್ಡಿಯ ಅಮ್ಮನಿಗೆ,

ನಿನ್ನ ಕಾಗದ ಓದಿದ ದಿನ ನಾನು ಮೇಲೆ ಹತ್ತಲಿಲ್ಲ. ಹೊಟ್ಟೆನೋವು ಅಂತ ಹೇಳಿ ಕಂಟೇನರಿನಲ್ಲೇ ಬಿದ್ದುಕೊಂಡೆ.

ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆಯಲ್ಲ, ಎಂಥ ಹೆಂಗಸು ನೀನು? ಪ್ರತಿ ಸಲ ರಜೆಗೆ ಬಂದಾಗ ನಾನೇ ಆ ಬೆಲ್ಟು ಬಿಗಿದಿದ್ದೇನೆ. ಕಡ್ಡಿಗೆ ತಮಾಷೆ ಮಾಡುತ್ತಾ ಬಿಗಿದಿದ್ದೇನೆ. ನೀನು ಪಕ್ಕದಲ್ಲಿ ನಿಂತು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಿದ್ದೆ. ಆಗಲೇ ನನ್ನ ಮುಖಕ್ಕೆ ಹೇಳಿದ್ದರೆ ಸಿಟ್ಟು ಬರುತ್ತಿತ್ತು, ಅಳುತ್ತಿದ್ದೆ, ಏನೋ ಒಂದು ಆಗುತ್ತಿತ್ತು. ಈಗ ಹೇಳಿದೆ, ಏನೂ ಮಾಡಲು ಆಗದ ಹೊತ್ತಿನಲ್ಲಿ. ಅದು ಕನಿಕರವಲ್ಲ ಕಣೇ, ಬಚ್ಚಿಟ್ಟ ಚಾಕು.

ನಾನು ನಿನ್ನ ಪಾಲಿಸಿ ತೆಗೆಸು ಅಂತ ಯಾಕೆ ಕೂಗಿದೆ ಗೊತ್ತಾ? ಜನವರಿಯಲ್ಲಿ ಸಂಬಳದ ದಿನ ಮೇಸ್ತ್ರಿ ನನ್ನ ಇನ್ಶೂರೆನ್ಸ್ ಫಾರಂ ನೋಡುತ್ತಾ ಎಲ್ಲರ ಮುಂದೆ, "ಇವನ ಹೆಂಡ್ತಿ ಇವನನ್ನ ನಂಬದೆ ಬೇರೆ ಪಾಲಿಸಿ ಇಟ್ಕೊಂಡಿದಾಳೆ ಕಣ್ರೋ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇದನ್ನು ನಿನಗೆ ಹೇಗೆ ಬರೆಯಲಿ, ಅದಕ್ಕೇ ಕತ್ತರಿ, ಸಂಬಳ ಅಂತ ಏನೇನೋ ಬರೆದೆ.

ಆಫೀಸಿಗೆ ಮತ್ತೆ ಹೋಗಿದ್ದೆ. ದಮ್ಮಯ್ಯ ಅಂದೆ. ಯಾರಿಗೂ ಅನ್ನದ ನಾನು ಆ ಕನ್ನಡಕದ ಹುಡುಗನಿಗೆ ದಮ್ಮಯ್ಯ ಅಂದೆ. "ನೀವಾಗೇ ತೆಗೆಸಿದ್ದು ಸರ್, ಮುಂದಿನ ಫೆಬ್ರವರಿ ಬನ್ನಿ" ಅಂದ. ಅವನ ಮೇಜು ಎತ್ತಿ ಹಾಕಬೇಕು ಅನ್ನಿಸಿತು, ಹಾಕಲಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಜಾರಾದರೂ ಆಗಲಿ. ನಾನು ಸಿಟ್ಟಿಗೆ ತೆಗೆಸಿದೆ. ನೀನು ತೆಗೆಸಿದ್ದೂ ಸಿಟ್ಟಿಗೇ. "ಗ್ಯಾಂಗಿಗೆಲ್ಲ ಸಿಹಿ ಹಂಚಿ" ಅಂತ ಬರೆದವಳು ತ್ಯಾಗ ಮಾಡಿದೆ ಅಂತ ಹೇಳಬೇಡ.

ಅಪ್ಪ


ಮಾರ್ಚ್ 16

ಕಡ್ಡಿಯ ಅಪ್ಪನಿಗೆ,

ತ್ಯಾಗ ಅಂತ ನಾನು ಎಲ್ಲೂ ಬರೆದಿಲ್ಲ. ಸಿಟ್ಟಿಗೇ ತೆಗೆಸಿದೆ, ಹೌದು. ನಿಮ್ಮ ಮೇಸ್ತ್ರಿಗೆ ನಾನು ಮಾಡಿದ ಹಲ್ಲಿನ ಸೆಟ್ಟು ಬೇಕಾಗುವ ದಿನ ಬರಲಿ, ಆವತ್ತು ನೋಡಿಕೊಳ್ಳುತ್ತೇನೆ. ಅವನು ನಕ್ಕ ಅಂತ ನನ್ನ ಮಗಳ ಬೆನ್ನನ್ನು ಗಾಳಿಗೆ ತೂರಿದಿರಲ್ಲ!

ಶುಕ್ರವಾರ ರಜೆ ಹಾಕಿ ಇನ್ಶೂರೆನ್ಸ್ ಆಫೀಸಿಗೆ ಹೋಗಿದ್ದೆ. ನಂಬರಿನ ಚೀಟಿ ಹಿಡಿದು ಕಬ್ಬಿಣದ ಕುರ್ಚಿಯಲ್ಲಿ ಕೂತು ಕೂತು ಸೊಂಟ ಬಿದ್ದುಹೋಯಿತು. ಕೊನೆಗೆ ಒಳಗೆ ಕರೆದರು. ಕೌಂಟರಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು, ಗಾಜಿನ ಆಚೆ. ಎಲ್ಲ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, "ಇಬ್ರೂ ಒಂದೇ ದಿನ ತೆಗೆಸಿದ್ರಾ?" ಅಂತ ಕೇಳಿದಳು. ಹೌದು ಅಂದೆ. "ಮಾತಾಡಿಕೊಳ್ಳಲಿಲ್ವಾ?" ಅಂದಳು. ಕಾಗದ ಬರೆಯುತ್ತಿದ್ದೆವು ಅಂದೆ. ಪುಣ್ಯಾತ್ಗಿತ್ತಿ ನಗಲಿಲ್ಲ.

ಆಮೇಲೆ ಹೇಳಿದಳು. ಫೆಬ್ರವರಿ ಬಿಟ್ಟರೆ ನಡುವೆ ಮಗುವಿನ ಹೆಸರು ಸೇರಿಸಬೇಕು ಅಂದರೆ ಮನೆಯಲ್ಲಿ ದೊಡ್ಡದೊಂದು ಬದಲಾವಣೆ ಆಗಿರಬೇಕಂತೆ. ಮದುವೆ, ಹೆರಿಗೆ, ವಿಚ್ಛೇದನ, ಸಾವು, ಹೊಸ ಕೆಲಸ. ಬೆರಳು ಮಡಚಿ ಮಡಚಿ ಎಣಿಸಿದಳು. ಇದರಲ್ಲಿ ಯಾವುದಾದರೂ ಒಂದು ಆಗಿದ್ದರೆ ದಾಖಲೆ ತನ್ನಿ, ಅದೇ ವಾರ ಸೇರಿಸಿಕೊಳ್ಳುತ್ತೇವೆ ಅಂದಳು. ಗಂಡ ಹೆಂಡತಿ ಮೂರ್ಖರಾಗಿದ್ದಾರೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲವಂತೆ.

ನಮಗೆ ಮದುವೆ ಆಗಿಹೋಗಿದೆ. ಇನ್ನೊಂದು ಹೆರಿಗೆ ನನ್ನ ಕೈಲಾಗದು. ಉಳಿದದ್ದರಲ್ಲಿ ನೀವೇ ಆರಿಸಿಕೊಳ್ಳಿ.

ಕಡ್ಡಿಯ ಅಮ್ಮ


ಮಾರ್ಚ್ 21

ಕಡ್ಡಿಯ ಅಮ್ಮನಿಗೆ,

ಆರಿಸಿಕೊಳ್ಳಿ ಅಂತ ಬರೆದಿದ್ದೀಯ. ಅರ್ಥವಾಯಿತು. ವಿಚ್ಛೇದನ ಬೇಕಿದ್ದರೆ ಮಗಳ ಬೆನ್ನಿನ ಹಿಂದೆ ನಿಂತು ಕೇಳಬೇಕಾಗಿರಲಿಲ್ಲ. ಅವಳ ಆಪರೇಷನ್ ಆಗುವುದಾದರೆ ಕಾಗದ ಕಳಿಸು, ಸಹಿ ಹಾಕುತ್ತೇನೆ. ನಿನ್ನ ಜೊತೆ ಬೇರೆ ಚೌಕಾಸಿ ಇಲ್ಲ.

ಈ ಕಾಗದ ಸಿಟ್ಟಿನಲ್ಲಿ ಬರೆದಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.


ಮಾರ್ಚ್ 25

ಕಡ್ಡಿಯ ಅಪ್ಪನಿಗೆ,

ನಿಮಗೆ ತಲೆ ಇದೆಯೋ, ಅದನ್ನೂ ಆ ಗುಡ್ಡದ ಗಾಳಿ ಹೊತ್ತುಕೊಂಡು ಹೋಯಿತೋ? ಐದು ಬರೆದಿದ್ದೆ, ಐದು! ಅದರಲ್ಲಿ ನಡುವಿನ ಒಂದನ್ನು ಹೆಕ್ಕಿಕೊಂಡು ಎದೆ ಬಡಿದುಕೊಳ್ಳುತ್ತಿದ್ದೀರಿ. ನನಗೆ ವಿಚ್ಛೇದನ ಬೇಕಾಗಿದ್ದರೆ ನಿಮ್ಮ ಅಪ್ಪಣೆಗೆ ಕಾಯುತ್ತಿರಲಿಲ್ಲ, ಎಂದೋ ತೆಗೆದುಕೊಂಡು ಹೋಗಿರುತ್ತಿದ್ದೆ. ಸಹಿ ಹಾಕುತ್ತೇನೆ ಅಂತ ಅಷ್ಟು ಸಲೀಸಾಗಿ ಬರೆದಿರಲ್ಲ, ಒಂದು ಸಲ ಯಾಕೆ ಅಂತ ಕೇಳಬೇಕು ಅನ್ನಿಸಲಿಲ್ಲವಾ ನಿಮಗೆ? ಅದಕ್ಕೆ ನನಗೆ ಹೊಟ್ಟೆ ಉರಿಯುತ್ತಿದೆ, ಬೇರೆ ಯಾವುದಕ್ಕೂ ಅಲ್ಲ.

ಕೊನೆಯದನ್ನು ಓದಿ. ಹೊಸ ಕೆಲಸ. ಹೊಸದಾಗಿ ಸೇರಿದವರು ಯಾವ ತಿಂಗಳಾದರೂ ಮನೆಯವರ ಹೆಸರು ಕೊಡಬಹುದು. ನಾನು ಸುಮ್ಮನೆ ಕೂತಿಲ್ಲ. ಬಸ್‌ ಸ್ಟ್ಯಾಂಡಿನ ಹಿಂದಿನ ದೊಡ್ಡ ಹಲ್ಲಿನ ಲ್ಯಾಬಿಗೆ ಹೋಗಿ, ಕಲಿಯುವವರ ಬೆಂಚಿನಲ್ಲಾದರೂ ಕೂರುತ್ತೇನೆ ಅಂದೆ. ನನ್ನ ಕೆಲಸ ನೋಡಿ ಖುಷಿಪಟ್ಟರು. ಪಾಲಿಸಿ ಮಾತ್ರ ಆರು ತಿಂಗಳಾದ ಮೇಲೆ ಅಂದರು. ಇನ್ನೆರಡು ಕಡೆಯೂ ಅದೇ ಮಾತು. ನಮ್ಮ ಈ ಕಸುಬಿನಲ್ಲಿ ಎಲ್ಲರೂ ಹಾಗೆಯೇ ಅಂತೆ.

ಡಾಕ್ಟರಮ್ಮ ಜೂನ್ ಹತ್ತಕ್ಕೆ ದಿನ ಕೊಟ್ಟಿದ್ದಾರೆ. ಪಾಲಿಸಿ ಇಲ್ಲ ಅಂತ ಅವರಿಗೆ ನಾನಿನ್ನೂ ಹೇಳಿಲ್ಲ. ನನ್ನ ಕಡೆಯಿಂದ ಆಗುವುದು ಇಷ್ಟೇ. ಮುಂದೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ, ನಿಲ್ಲಿಸುತ್ತೇನೆ.

ಕಡ್ಡಿಯ ಅಮ್ಮ


ಏಪ್ರಿಲ್ 7

ಕಡ್ಡಿಯ ಅಮ್ಮನಿಗೆ,

ತಡವಾಯಿತು, ಬೈಯಬೇಡ. ಬೈಯುವುದಿದ್ದರೂ ಪೂರ್ತಿ ಓದಿ ಬೈಯಿ.

"ಮುಂದೆ ಏನು ಬರೆಯಬೇಕೋ ತಿಳಿಯುತ್ತಿಲ್ಲ" ಅಂತ ಬರೆದಿದ್ದೆ. ಸುಳ್ಳಿ. ಏನು ಬರೆಯಬೇಕು ಅಂತ ನಿನಗೆ ಚೆನ್ನಾಗಿ ಗೊತ್ತಿತ್ತು, ನಾನೇ ಬರೆಯಲಿ ಅಂತ ಬಿಟ್ಟೆ. ಎರಡು ದಿನ ಅದಕ್ಕೂ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಗುಡ್ಡ ಇಳಿದೆ.

ನೀವಿಬ್ಬರು ಇರುವ ಊರಿನಲ್ಲೇ ಲಿಫ್ಟ್ ರಿಪೇರಿ ಕಂಪನಿ ಒಂದಿದೆ. ಅವರ ಇಲ್ಲಿನ ಆಫೀಸಿನಲ್ಲಿ ನನ್ನನ್ನು ಪರೀಕ್ಷೆ ಮಾಡಿದರು. ಹಗ್ಗ, ಕೊಕ್ಕೆ, ಎತ್ತರ ಎಲ್ಲ ಗೊತ್ತಿರುವವನು ಅಂತ ಒಪ್ಪಿಕೊಂಡರು. ಮೇ ಒಂದರಿಂದ ಕೆಲಸ. ಸೇರಿದ ವಾರದಲ್ಲೇ ಹೆಂಡತಿ ಮಕ್ಕಳ ಹೆಸರು ಪಾಲಿಸಿಗೆ ಹೋಗುತ್ತದೆ, ಮೊದಲೇ ಇದ್ದ ಕಾಯಿಲೆಗೂ ತಡೆ ಇಲ್ಲ. ಇದನ್ನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ, ಆ ಮನುಷ್ಯನ ತಲೆ ತಿಂದೆ.

ಸಂಬಳ ಕಮ್ಮಿ, ಅದು ಹೋಗಲಿ. ಇಲ್ಲಿ ನಾನು ರೆಕ್ಕೆಯ ಮೇಲೆ ಅಂಗೈ ಆಡಿಸಿದರೆ ಬಿರುಕು ಎಲ್ಲಿದೆ ಅಂತ ಗೊತ್ತಾಗುತ್ತದೆ, ಇಂಜಿನಿಯರುಗಳೇ ಬಂದು ನನ್ನನ್ನು ಕೇಳುತ್ತಾರೆ. ಅಲ್ಲಿ ನಾನು ಹೊಸಬ. ಮೊದಲ ವರ್ಷ ಲಿಫ್ಟಿನ ಕೆಳಗಿನ ಕತ್ತಲೆ ಬಾವಿಯಂಥ ಗುಂಡಿಗೆ ಇಳಿದು ಗ್ರೀಸ್ ಒರೆಸುವ ಕೆಲಸ. ಇಷ್ಟು ವರ್ಷ ಬಯಲ ಗಾಳಿಯಲ್ಲಿ ಇದ್ದವನಿಗೆ ಅದನ್ನು ನೆನೆದರೇ ಉಸಿರು ಕಟ್ಟುತ್ತದೆ. ನಿನ್ನ ಹತ್ತಿರ ಅಲ್ಲದೆ ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನಿನ್ನ ಮೇಲಿನ ಸಿಟ್ಟೂ ಇನ್ನೂ ಪೂರ್ತಿ ಇಳಿದಿಲ್ಲ.

ಆದರೆ ನಾನಿನ್ನೂ ಸಹಿ ಹಾಕಿಲ್ಲ. ಇಲ್ಲಿ ರಾಜೀನಾಮೆಯೂ ಕೊಟ್ಟಿಲ್ಲ, ಮೇಸ್ತ್ರಿಗೆ ಸುಳಿವೂ ಇಲ್ಲ. ಇಪ್ಪತ್ತನೇ ತಾರೀಕಿನವರೆಗೆ ಸಮಯ ಕೇಳಿದ್ದೇನೆ. ಈ ಸಲ ಕೇಳುತ್ತಿದ್ದೇನೆ: ಸಹಿ ಹಾಕಲಾ? ನಿನ್ನ ಉತ್ತರ ಬರುವ ತನಕ ನಾನು ಏನೂ ಮಾಡುವುದಿಲ್ಲ. ನೀನೂ ದಮ್ಮಯ್ಯ, ಏನೂ ಮಾಡಬೇಡ.

ಕಡ್ಡಿಯ ಅಪ್ಪ


ಏಪ್ರಿಲ್ 11

ಕಡ್ಡಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ನಿಂತುಕೊಂಡೇ ಓದಿದೆ. ಓದಿ ಮುಗಿಸಿ ಕೆಲಸಕ್ಕೆ ಕೂತೆ, ತಕ್ಷಣ ಎದ್ದು ಹೊರಗೆ ಹೋದೆ. ಯಜಮಾನಿ ಏನಾಯಿತು ಅಂತ ಕೇಳಿದರು. ನನ್ನ ಗಂಡ ನನ್ನನ್ನು ಒಂದು ಮಾತು ಕೇಳಿದ್ದಾರೆ ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಸಹಿ ಹಾಕಿ. ಇದು ಉತ್ತರ. ಮೊದಲೇ ಬರೆದುಬಿಟ್ಟಿದ್ದೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನೀವು ಮತ್ತೆ ಹಗ್ಗ ಬಿಸಾಕಬಾರದು.

ಒಂದೇ ಪಾಲಿಸಿ ಬಿಲ್ಲನ್ನೆಲ್ಲ ಹೊರುವುದಿಲ್ಲ, ಉಳಿದದ್ದಕ್ಕೆ ನಾನು ಸಂಜೆ ಪಾಳಿಯನ್ನೂ ಒಪ್ಪಿಕೊಂಡಿದ್ದೇನೆ. ಮುಂದಿನ ಫೆಬ್ರವರಿಯಲ್ಲಿ ನನ್ನ ಪಾಲಿಸಿಗೂ ಅವಳ ಹೆಸರು ಮತ್ತೆ ಸೇರಿಸುತ್ತೇನೆ. ಎರಡು ಯಾಕೆ ಅಂತ ಯಾರಾದರೂ ನಕ್ಕರೆ, ನಮ್ಮ ಮನೆಯಲ್ಲಿ ಸಿಟ್ಟು ಎರಡಿದೆ, ಅದಕ್ಕೆ ಅಂತ ಹೇಳಿ. ನಾಚಿಕೆ ಪಡಬೇಡಿ.

ಇನ್ನು ನನ್ನ ಮಾತು. ನೀವು ಆ ಗುಡ್ಡಕ್ಕೆ ಹೋದ ಮೊದಲ ವರ್ಷ ಪ್ರತಿ ಫೋನಿನಲ್ಲೂ ಬನ್ನಿ ಅಂದೆ. ಇದಕ್ಕಿಂತ ಒಳ್ಳೆಯ ಕೆಲಸ ಎಲ್ಲಿದೆ ಅಂದಿರಿ. ನನ್ನ ಮಣಿಕಟ್ಟು ಮುರಿದು ಕಡ್ಡಿಗೆ ಜಡೆ ಹಾಕಲೂ ಆಗದೆ ಪಕ್ಕದ ಮನೆಯವರ ಬಾಗಿಲು ತಟ್ಟಿದಾಗಲೂ ಬನ್ನಿ ಅಂದೆ. ಸೀಸನ್ ಮುಗಿಯಲಿ ಅಂದಿರಿ. ನಮ್ಮಪ್ಪ ತೀರಿಹೋದಾಗ ನೀವು ಬಂದು ಎರಡು ದಿನ ಇದ್ದು ಹೊರಟಿರಿ. ಆವತ್ತು ಬಸ್ಸಿನ ಕಿಟಕಿ ಹಿಡಿದುಕೊಂಡು ಹೇಳಬೇಕು ಅಂತಿದ್ದೆ, ಹೇಳಲಿಲ್ಲ. ಅಲ್ಲಿಂದ ಕೇಳುವುದನ್ನೇ ಬಿಟ್ಟೆ. ನೀವು ಅದನ್ನು ಗಮನಿಸಲೂ ಇಲ್ಲ.

ಆ ಲಿಫ್ಟ್ ಕಂಪನಿ ನಾನು ದಿನಾ ಕೆಲಸಕ್ಕೆ ಹೋಗುವ ರಸ್ತೆಯಲ್ಲೇ ಇದೆ. ನೀಲಿ ಬೋರ್ಡು. ಜನ ಬೇಕಾಗಿದ್ದಾರೆ ಅಂತ ಅದರ ಗಾಜಿನ ಬಾಗಿಲಿಗೆ ಚೀಟಿ ಅಂಟಿಸುತ್ತಲೇ ಇರುತ್ತಾರೆ, ಬಣ್ಣ ಹೋದರೆ ಹೊಸದು ಅಂಟಿಸುತ್ತಾರೆ. ಈ ಎಲ್ಲ ವರ್ಷಗಳೂ ಅದು ಅಲ್ಲೇ ಇತ್ತು. ನಾನು ಕರೆದಾಗಲೆಲ್ಲ ಇತ್ತು. ನನಗೋಸ್ಕರ ನಿಮಗೆ ಸಿಗದ ಕೆಲಸ ಒಂದು ಪಾಲಿಸಿ ಕಾರ್ಡಿಗೋಸ್ಕರ ಎರಡೇ ವಾರದಲ್ಲಿ ಸಿಕ್ಕಿತು.

ನಿನ್ನೆ ಕಡ್ಡಿಗೆ ಹೇಳಿದೆ. "ಅಪ್ಪ ನಂಗೋಸ್ಕರ ಬರ್ತಿದಾರಾ?" ಅಂದಳು. ಹೌದು ಅಂದೆ. ಬೆಲ್ಟು ಹಾಕಿಕೊಂಡೇ ಬೀದಿಗೆ ಓಡಿ ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ಬಂದಳು. ಎಷ್ಟೋ ದಿನಗಳ ಮೇಲೆ ಅವಳು ಓಡಿದ್ದನ್ನು ನೋಡಿದೆ. ಆ ಸಂತೋಷದಲ್ಲಿ ನನಗೂ ಪಾಲಿದೆ, ಇಲ್ಲ ಅನ್ನುವುದಿಲ್ಲ. ಆದರೂ ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಾ ನನ್ನ ಮಗಳ ಮೇಲೇ ನನಗೆ ಹೊಟ್ಟೆಕಿಚ್ಚಾಯಿತು. ಇಂಥ ಮಾತನ್ನೂ ಬರೆಯುವ ಹಾಗೆ ಮಾಡಿದಿರಿ ನೀವು.

ಅವಳಿಗೋಸ್ಕರ ಬನ್ನಿ. ನಿನಗೋಸ್ಕರವೂ ಬಂದೆ ಅಂತ ಮಾತ್ರ ಮೊದಲ ದಿನವೇ ಹೇಳಬೇಡಿ, ಹೇಳಿದರೆ ನಾನು ಬಾಗಿಲು ತೆಗೆಯುವುದಿಲ್ಲ. ಆ ಕತ್ತಲೆ ಗುಂಡಿಯಿಂದ ದಿನಾ ಸಂಜೆ ಮೇಲೆ ಬಂದು ನೆಟ್ಟಗೆ ಮನೆಗೆ ಬನ್ನಿ. ಹಾಗೆ ಎಷ್ಟು ದಿನ ಬಂದರೆ ನನ್ನ ಸಿಟ್ಟು ಇಳಿಯುತ್ತದೋ ನನಗೆ ಗೊತ್ತಿಲ್ಲ. ಇಳಿದ ದಿನ ನಾನೇ ಕೇಳುತ್ತೇನೆ, ಯಾರಿಗೋಸ್ಕರ ಬಂದಿರಿ ಅಂತ. ಆವತ್ತು ಹೇಳಿ.

ಕಡ್ಡಿಯ ಅಮ್ಮ